ಹಾಲಿನ ಕೆರೆಗೆ ಬಿದ್ದ ಅಜ್ಜಿಯ ಹೆಪ್ಪು

ಬೆಟ್ಟಗಳಿಗೆ ಇನ್ನೂ ರೆಕ್ಕೆಯಿದ್ದ ಕಾಲ. ನಿಮ್ಮ ಈ ಮಾವನಿಗೆ ಆಗಷ್ಟೇ ಮೀಸೆ ಚಿಗುರುತ್ತಿತ್ತು. ಕ್ಷೀರಾವತಿ ಎಂಬ ರಾಜ್ಯದಲ್ಲಿ ಒಬ್ಬ ರಾಜ, ಅವನಿಗೆ ಮಂಡೂಕಾಕ್ಷನೆಂಬ ಮಾಂತ್ರಿಕ ಮಂತ್ರಿ. ಮಂತ್ರಿ ಹಾಕಿದ ಮಾಟಕ್ಕೆ ರಾಜನ ಬಾಯಲ್ಲಿ "ಹೂಂ" ಬಿಟ್ಟು ಬೇರೆ ಮಾತೇ ಹೊರಡುತ್ತಿರಲಿಲ್ಲ.

"ಪ್ರಭು, ಸತ್ತವರು ಬಿಟ್ಟುಹೋದದ್ದರಲ್ಲಿ ಕಾಲುಪಾಲು ಅರಮನೆಗೆ."

"ಹೂಂ."

"ಉಳಿದದ್ದು ಮಕ್ಕಳದೇ ಅಂತ ಮುದ್ರೆ ಒತ್ತೋದಕ್ಕೆ ಬೇರೆ ಶುಲ್ಕ."

"ಹೂಂ."

ಕಸಿದದ್ದೆಲ್ಲ ಅರಮನೆಯ ಹಿಂದಿನ ಹಾಲಿನ ಕೆರೆಯಲ್ಲಿ ಮುಳುಗುತ್ತಿತ್ತು. ತಾತನ ನೇಗಿಲು, ಅಮ್ಮನ ಬಳೆ, ಅಪ್ಪನ ತಂಬೂರಿ. ಹಾಲು ಅಂದರೆ ನಿಜವಾದ ಹಾಲು ಕಣ್ರೋ, ಉಗುರುಬೆಚ್ಚಗಿನದು! ಒಳಗೊಂದು ಮೊಸಳೆ ಕಾವಲು.

ಆ ಊರಿನ ಹೊನ್ನಾಜಿ ಎಂಬ ಹುಡುಗಿಯ ಅಜ್ಜಿ ತೀರಿಕೊಂಡಳು. ಬಿಟ್ಟುಹೋದದ್ದು ಒಂದು ಕುಡಿಕೆ ಹೆಪ್ಪು. ಅಜ್ಜಿಗೆ ಅವಳಜ್ಜಿ ಕೊಟ್ಟದ್ದು, ಆ ಅಜ್ಜಿಗೆ ಅವಳಜ್ಜಿ. ಅದರ ಮೊಸರು ಮಡಕೆ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಹಾಲು ಸೇರದಿದ್ದರೆ ಹೆಪ್ಪು ಸಾಯುತ್ತದೆ. ಮುದ್ರೆ ಬೀಳುವ ಮೊದಲೇ ಹಾಲಿಗೆ ಹಾಕಿದರೆ ಮಂತ್ರಿಯ ಮಾಟಕ್ಕೆ ಅವಳ ಕೈ ಕಲ್ಲಾಗುತ್ತದೆ. ಹೊನ್ನಾಜಿ ಕುಡಿಕೆ ಮಡಿಲಿಗಿಟ್ಟುಕೊಂಡು ಅರಮನೆಗೆ ಓಡಿದಳು.

ಮೊದಲ ಬಾಗಿಲಲ್ಲಿ ಗಂಡಭೇರುಂಡ.

"ಕಾಲುಪಾಲು ಕೊಡು," ಎಂದಿತು ಬಲದ ತಲೆ.

"ಅದು ಬೆಳಗಿನ ಕಾನೂನು. ಈಗ ಅರ್ಧ," ಎಂದಿತು ಎಡದ ತಲೆ.

"ಯಾವಾಗ ಬದಲಾಯ್ತು?"

"ನೀನು ಮೆಟ್ಟಿಲು ಹತ್ತುವಾಗ."

"ನೀವಿಬ್ಬರೂ ಮೊದಲು ಒಂದು ಮಾತಿಗೆ ಬನ್ನಿ. ಗೆದ್ದ ತಲೆಗೆ ಕೊಡ್ತೀನಿ," ಎಂದಳು ಹೊನ್ನಾಜಿ. ಎರಡು ತಲೆಗೂ ಜಗಳ ಹತ್ತಿತು. ಬಂಗಾರದ ಗರಿಗಳು ಮಳೆಯಂತೆ ಸುರಿದವು. ಅದರೊಳಗೆ ನುಸುಳಿ ಅವಳು ಒಳಗೆ ನಡೆದಳು.

ಎರಡನೆಯ ಬಾಗಿಲಲ್ಲಿ ಕಲ್ಲಾನೆ. "ಶುಲ್ಕ! ಆಸ್ತಿಯ ಬೆಲೆ ನೋಡಿ ಶುಲ್ಕ!"

"ಹೆಪ್ಪಿಗೆ ಯಾರಾದ್ರೂ ಬೆಲೆ ಕಟ್ತಾರೇನಣ್ಣಾ? ಪಕ್ಕದ ಮನೆಯವರು ಕೇಳಿದರೆ ಸುಮ್ಮನೆ ಕೊಡೋದಲ್ವಾ?"

ಆನೆ ಯೋಚಿಸಿತು. ಬೆಲೆ ಹೊಳೆಯಲಿಲ್ಲ. ಕಲ್ಲಿನ ಕಣ್ಣಲ್ಲಿ ಒಂದು ಹನಿ ಮೂಡಿತು. ನೆಲ ನಡುಗುವಂತೆ ಮಂಡಿಯೂರಿ ದಾರಿ ಬಿಟ್ಟಿತು.

ಮೂರನೆಯ ಬಾಗಿಲು ದಾಟಿದರೆ ಕೆರೆಯ ದಂಡೆ. ಅಲ್ಲಿ ರಾಜ, ಪಕ್ಕದಲ್ಲಿ ಮುದ್ರೆ ಹಿಡಿದ ಮಂಡೂಕಾಕ್ಷ.

"ಇದು ನಿನ್ನಜ್ಜಿಯದೇ ಅನ್ನೋದಕ್ಕೆ ಸಾಕ್ಷಿ ಏನು? ಸತ್ತವಳೇ ಬಂದು ಹೇಳಲಿ!"

"ಹೇಳ್ತಾಳೆ ಬುದ್ಧೀ, ಅಜ್ಜಿಯ ಕೈಗುಣ ಇದರಲ್ಲೇ ಇದೆ. ಒಂದು ಬಟ್ಟಲು ಹಾಲು ತರಿಸಿ, ಬೇಗ. ಹೊತ್ತು ಮುಳುಗ್ತಿದೆ!"

"ಬಟ್ಟಲು ಯಾಕೆ? ಇಡೀ ಕೆರೆಯೇ ಇದೆಯಲ್ಲ!" ಎಂದು ಗಹಗಹಿಸಿ ಮಂಡೂಕಾಕ್ಷ ಕುಡಿಕೆ ಕಸಿದು ಕೆರೆಗೆ ಎಸೆದ. ಜನ್ಮದಲ್ಲಿ ಅಡುಗೆಮನೆಯ ಹೊಸ್ತಿಲು ತುಳಿದವನಲ್ಲ, ಪಾಪ!

ಗಾಳಿ ನಿಂತಿತು. ಅಲೆಗಳು ಎದ್ದಲ್ಲೇ ನಿಂತವು. ನಡುವಿನಿಂದ ದಂಡೆಯವರೆಗೆ ಇಡೀ ಕೆರೆ ಒಮ್ಮೆ ನಡುಗಿ ಮೊಸರಾಯಿತು! ಬಾಯಿ ತೆರೆದ ಮೊಸಳೆ ತೆರೆದಂತೆಯೇ ಸಿಕ್ಕಿಬಿತ್ತು. ಮುಳುಗಿದ್ದ ನೇಗಿಲು, ಬಳೆ, ತಂಬೂರಿಗಳೆಲ್ಲ ಒಂದೊಂದಾಗಿ ಕೆನೆಯ ಮೇಲೆ ಎದ್ದವು. ಸಂಜೆಗೆಂಪು ಅವುಗಳ ಮೇಲೆ ಬಿದ್ದಿತು. ಆಗ ಕೆರೆಯ ಆಳದಿಂದ ಒಂದು ದನಿ ಬಂತು:

"ಏನೇ ಹೊನ್ನೀ, ಊಟ ಆಯ್ತೇನೇ?"

ಅಜ್ಜಿಯದೇ ದನಿ! ಹುಡುಗಿ ಅಳುತ್ತಾ ನಕ್ಕಳು.

ಮಂಡೂಕಾಕ್ಷ ಒಡವೆ ಬಾಚಲು ಹಾರಿದವನು ಕುತ್ತಿಗೆಯವರೆಗೆ ಹೂತುಹೋದ. ಮಂತ್ರ ಹೇಳಲು ಬಾಯಿ ತೆರೆದರೆ ಬಾಯಿತುಂಬ ಮೊಸರು. ಅದನ್ನು ಉಗುಳಿ ಕೂಗಿದ, "ಪ್ರಭು! ಈ ಮೊಸರಿಗೂ ತೆರಿಗೆ ಹಾಕೋಣ!"

ರಾಜ ಬಾಯಿ ತೆರೆದ. ಮಂತ್ರಿಯ ಬಾಯಿಗೆ ಮೊಸರು ತುಂಬಿದಾಗಲೇ ಮಾಟ ಹರಿದಿತ್ತು.

"ಉಹೂಂ!"

ಆ ಒಂದು ಮಾತಿಗೆ ಮುದ್ರೆ ಪುಡಿಪುಡಿಯಾಯಿತು, ಮಂಡೂಕಾಕ್ಷ ಅಂಗೈಯಷ್ಟು ಕಪ್ಪೆಯಾದ. ಹಕ್ಕಿದ್ದವರನ್ನು ಮೊಸರು ಮುಳುಗಿಸಲಿಲ್ಲ; ಜನ ಬರಿಗಾಲಲ್ಲಿ ಅದರ ಮೇಲೆ ನಡೆದುಹೋಗಿ ತಮ್ಮ ಹಿರಿಯರದನ್ನು ಎತ್ತಿಕೊಂಡರು. ಹೊನ್ನಾಜಿ ಕೇಳಿದವರಿಗೆಲ್ಲ ಒಂದೊಂದು ಚಮಚ ಹೆಪ್ಪು ಕೊಟ್ಟಳು, ಸುಮ್ಮನೆ. ಊರಿಗೆ ಊರೇ ಮಜ್ಜಿಗೆ ಕುಡಿದು ತಣ್ಣಗಿತ್ತು.

ಆ ಮೊಸಳೆಯ ಬೆನ್ನ ಮೇಲೆ ಕೂತು ಒಂದು ಚಮಚ ನಾನೂ ತಂದೆ. ನಿಮ್ಮತ್ತೆ ಇವತ್ತಿಗೂ ಹಾಲಿಗೆ ಹಾಕೋದು ಅದನ್ನೇ. ನಂಬಿಕೆ ಇಲ್ವಾ? ಹೋಗಿ ಮಡಕೆ ಬೋರಲು ಹಾಕಿ ನೋಡಿ. ಆದರೆ ಅತ್ತೆ ಮನೆಯಲ್ಲಿ ಇಲ್ಲದಾಗ!