ಉಲ್ಟಾ ರೌಂಡು

“ಸೈಡ್! ಸೈಡ್! ಸೈಡ್ ಬಿಡೀ!”

ಶಿವರಂಜನಿ ಕೂಗುತ್ತಲೇ ತಿರುವಿನಲ್ಲಿ ನುಗ್ಗಿದಳು. ಎದುರಿಗೆ ಚನ್ನಾಜಮ್ಮಜ್ಜಿ! ಅಜ್ಜಿ ಅತ್ತ ಸರಿದರೆ ಇವಳೂ ಅತ್ತ, ಇತ್ತ ಸರಿದರೆ ಇವಳೂ ಇತ್ತ. ಢಕ್! ಅಜ್ಜಿಯ ಕೈಲಿದ್ದ ಬುಟ್ಟಿ ಹಾರಿ, ಆಯ್ದಿದ್ದ ಆಕಾಶಮಲ್ಲಿಗೆಯೆಲ್ಲ ದಾರಿ ತುಂಬ ಚೆಲ್ಲಿತು.

“ಸಾರಿ ಅಜ್ಜೀ!” ಎಂದವಳೇ ಓಡಿದಳು. ನಿಲ್ಲೋಕೆ ಪುರುಸೊತ್ತೆಲ್ಲಿ? ನಾಳೆ ಸ್ಕೂಲಲ್ಲಿ ಸೆಲೆಕ್ಷನ್. ಆರುನೂರು ಮೀಟರನ್ನು ಎರಡು ನಿಮಿಷ ಹತ್ತು ಸೆಕೆಂಡಿನೊಳಗೆ ಓಡಿದರೆ ತಾಲ್ಲೂಕು ಟೀಮು. ಇಲ್ಲದಿದ್ದರೆ ಇಲ್ಲ. ನಂಜನಗೂಡಿನ ಈ ಪಾರ್ಕಿಗೆ ಮೂರು ರೌಂಡ್ ಹಾಕಿದರೆ ಸರಿಯಾಗಿ ಆರುನೂರು.

“ಎರಡು ಹದಿನೇಳು!” ತಮ್ಮ ಅಮೃತೇಶ್ ಅಮ್ಮನ ಮೊಬೈಲ್ ನೋಡಿ ಕೂಗಿದ. “ಎಲ್ರಿಗೂ ಡಿಕ್ಕಿ ಹೊಡೀತಾ ಓಡಿದ್ರೆ ಇನ್ನೇನಾಗುತ್ತೆ?”

ಶಿವರಂಜನಿಗೆ ಅಳುವೇ ಬಂತು. ತಿರುಗಿ ನೋಡಿದರೆ, ಅಜ್ಜಿ ಸೊಂಟ ಹಿಡಿದುಕೊಂಡು ಒಂದೊಂದೇ ಹೂ ಆಯುತ್ತಿದ್ದಾರೆ. ಛೆ! ನಾಚಿಕೆಯಾಗಿ, ಹೋಗಿ ಪಕ್ಕದಲ್ಲಿ ಕೂತು ತಾನೂ ಆಯತೊಡಗಿದಳು. ಉದ್ದ ತೊಟ್ಟಿನ ಬಿಳಿ ಹೂ. ಎಂಥಾ ಘಮ! ಒಂದು ವಾರದಿಂದ ಇದರ ಮೇಲೇ ಓಡುತ್ತಿದ್ದಳು, ಕಣ್ಣಿಗೇ ಬಿದ್ದಿರಲಿಲ್ಲ.

“ಅಲ್ಲ ಕಣವ್ವ, ಎಲ್ರೂ ಅಂಗೋದ್ರೆ ನೀನ್ಯಾಕೆ ಇಂಗೆ ಬತ್ತೀಯ?”

“ರೇಸಲ್ಲಿ ಎಡಗೈ ಒಳಗಡೆ ಇರೋ ಹಾಗೇ ಓಡ್ಬೇಕಂತೆ ಅಜ್ಜಿ. ಪಿ.ಟಿ. ಮೇಡಂ ಹೇಳಿದ್ದಾರೆ. ನೀವೆಲ್ಲಾ ಯಾಕೆ ಆ ಕಡೆಯಿಂದಾನೇ ಸುತ್ತೋದು?”

ಅಜ್ಜಿ ಯೋಚಿಸಿದರು. “ದೇವಸ್ಥಾನ ಸುತ್ತಿ ಸುತ್ತಿ ರೂಢಿ ಕಣವ್ವ. ಕಾಲು ತಾವಾಗೇ ಅಂಗೇ ಓಯ್ತವೆ.” ಆಮೇಲೆ ಎದ್ದು ನಿಂತು ಕೂಗಿದರು: “ಲೋ ಚೆಲುವಯ್ಯ! ಎಲ್ರೂ ಇಂದಕ್ಕೆ ತಿರುಗ್ರಪ್ಪ! ಮಗ ಓಡ್ಬೇಕಂತೆ!”

ಪಂಚೆ ಎತ್ತಿ ಕಟ್ಟಿ ಬಿರುಸಾಗಿ ಬರುತ್ತಿದ್ದ ಚೆಲುವಯ್ಯ ಗಕ್ಕನೆ ನಿಂತರು. “ಅಪ್ರದಕ್ಷಿಣೆ ಆಯ್ತದಲ್ಲ ಚನ್ನಾಜಕ್ಕ!”

“ಮಧ್ಯದಲ್ಲಿರೋದು ನೀರಿನ ಟ್ಯಾಂಕು ಕಣೋ, ನಂಜುಂಡಪ್ಪ ಅಲ್ಲ! ತಿರುಗು!”

ಪಾರ್ಕಿನವರೆಲ್ಲ ಗೊಳ್ಳೆಂದು ನಕ್ಕರು. ಹತ್ತು ಹನ್ನೆರಡು ಜನ ಒಬ್ಬರ ಹಿಂದೊಬ್ಬರು ತಿರುಗಿ, ಒಂದೇ ಬದಿಗೆ ಸಾಲಾಗಿ ನಡೆಯತೊಡಗಿದರು.

“ಆನ್ ಯುವರ್ ಮಾರ್ಕ್!” ಅಮೃತೇಶ್ ಕಿರುಚಿದ.

ಓಡಿದಳು ನೋಡಿ ಶಿವರಂಜನಿ! ಜಡೆ ಬೆನ್ನಿಗೆ ಪಟಪಟ ಬಡಿಯಿತು. ಮುಂದೆ ದಾರಿಯೆಲ್ಲ ಖಾಲಿ. ಹೂ ಬಿದ್ದ ಕಡೆ ಮಾತ್ರ ಅಂಚಿಗೆ ಸರಿದು, ತುಳಿಯದೆ ದಾಟಿದಳು. “ಅಂಗೇ ಓಡು ಮಗಾ, ಬುಡಬ್ಯಾಡ!” ಎಂದು ಚೆಲುವಯ್ಯ ಚಪ್ಪಾಳೆ ತಟ್ಟಿದರು. ಅಜ್ಜಿ ಬೆಂಚಿನ ಮೇಲೆ ಕೂತು ತೊಟ್ಟಿಗೆ ತೊಟ್ಟು ಸೇರಿಸಿ ಹೂ ಹೆಣೆಯುತ್ತಿದ್ದರು.

“ಎರಡು ಒಂಬತ್ತು! ಅಕ್ಕಾ, ಎರಡು ಒಂಬತ್ತು!”

ಶಿವರಂಜನಿ ಏದುಸಿರಿನಲ್ಲೇ ಕುಣಿದಳು. ಅಜ್ಜಿ ಹತ್ತಿರ ಕರೆದು, ಹೆಣೆದ ಹೂವನ್ನು ಅವಳ ಜಡೆಗೆ ಸಿಕ್ಕಿಸಿದರು. “ನಾಳಿಕ್ಕೂ ಇಂಗೇ ಓಡವ್ವ.”

ನಡೆಯುವವರೆಲ್ಲ ಮತ್ತೆ ತಮ್ಮ ರೂಢಿಯ ಕಡೆಗೆ ತಿರುಗಿದರು.

“ಇನ್ನೊಂದ್ಸಲ ಟೈಮ್ ನೋಡ್ಲಾ ಅಕ್ಕಾ?”

“ಬೇಡ ಕಣೋ.”

ಶಿವರಂಜನಿ ಬುಟ್ಟಿ ಎತ್ತಿಕೊಂಡು ಅಜ್ಜಿಯ ಜೊತೆ ಅವರ ದಿಕ್ಕಿಗೇ ಹೊರಟಳು. ಅಜ್ಜಿಯ ನಡಿಗೆ ತುಂಬಾ ನಿಧಾನ. ಇವಳ ಕಾಲುಗಳು ಸುಮ್ಮನಿರದೆ ಮುಂದೆ ಮುಂದೆ ಹೋಗುತ್ತಿದ್ದವು. ಹೋದಾಗಲೆಲ್ಲ ನಿಂತು, ಅಜ್ಜಿ ಬರುವವರೆಗೂ ಕಾದಳು.