ಟೊಮೆಟೊ ಹೂವಿಗಾಗಿ ಉಳಿದವನು

"ಕೈ ತೆಗೀರಿ! ಬೇರು ಉಸಿರುಗಟ್ಟಿ ಸಾಯುತ್ತೆ!"

ತರಬೇತಿ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿದ್ದ ಪೈಲಟ್, ಟೊಮೆಟೊ ಸಸಿಗೆ ನೀರುಣಿಸುತ್ತಿದ್ದ ಸಿರಿಂಜನ್ನು ಥಟ್ಟನೆ ಹಿಂದಕ್ಕೆಳೆದ.

"ಮೇಲೆ ಬಾಹ್ಯಾಕಾಶದಲ್ಲಿ ನೀರು ಕೆಳಗಿಳಿಯಲ್ಲ ರೀ, ಬೇರಿಗೇ ಅಂಟ್ಕೊಂಡು ಕೂರುತ್ತೆ," ಎಂದಳು ಅವಳು. ಸಸ್ಯ ವಿಜ್ಞಾನಿ, ಕಚೇರಿಯಲ್ಲಿ ಎಲ್ಲರ ಬಾಯಲ್ಲೂ 'ಸೊಪ್ಪಮ್ಮ'.

"ಗಿಡದ ಮೇಲಿರೋ ಕರುಣೆ ಮನುಷ್ಯರ ಮೇಲೂ ಸ್ವಲ್ಪ ಇರ್ಲಿ!"

ಅವನು ನಕ್ಕ. ಅವಳ ಕೆನ್ನೆ ಬಿಸಿಯಾಯಿತು. ಎಂಥಾ ಮನುಷ್ಯ!

ತಿಂಗಳುಗಟ್ಟಲೆ ಅವಳ ಜೊತೆ ಗಿಡದ ಆರೈಕೆ ಕಲಿತು, ಹೊರಡುವ ಮುನ್ನ ಅವನು ನೇರವಾಗಿ ಕೇಳಿಯೇಬಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

"ವಾಪಸ್ ಬನ್ನಿ... ಆಮೇಲೆ ಹೇಳ್ತೀನಿ."

ಮೇಲೆ ನಿಲ್ದಾಣದಲ್ಲಿ ಅವನು ಒಯ್ದಿದ್ದ ಅವಳ ಗಿಡ ಚಿಗುರಿತು, ಹೂಬಿಟ್ಟಿತು. ಇಲ್ಲಿ ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಪರದೆಯ ಮೇಲೆ ಎಲೆ ನೋಡುವ ನೆಪದಲ್ಲಿ ಅವನ ಮುಖ ಹುಡುಕುತ್ತಿದ್ದಳು. ಯಾರಾದರೂ ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದಳು.

ತಂಡ ಮರಳುವ ವಾರ ಬಂತು. ಸುದ್ದಿಯೂ ಬಂತು. ಮುಂದಿನ ತಂಡ ಬರುವವರೆಗೂ ಪೈಲಟ್ ಅಲ್ಲೇ ಇರುತ್ತಾನಂತೆ. ತಾನೇ ಕೇಳಿಕೊಂಡನಂತೆ!

'ನನ್ನ ಉತ್ತರಕ್ಕೆ ಹೆದರಿದನಾ? ಇಲ್ಲಾ... ಮನಸ್ಸೇ ಬದಲಾಯಿತಾ?'

"ಯಾಕೆ ಉಳ್ಕೊಂಡ್ರಿ?" ಮೈಕಿನಲ್ಲಿ ಕೇಳಿದಳು.

"ಸ್ವಲ್ಪ ಕೆಲಸ ಇದೆ..."

"ನಿಮ್ಮಿಷ್ಟ!"

ಹೆಡ್‌ಫೋನನ್ನು ಮೇಜಿಗೆ ಕುಕ್ಕಿ ಎದ್ದುಹೋದಳು. ಅಂದಿನಿಂದ ಪರದೆಯ ಮುಂದೆ ಕೂರಲಿಲ್ಲ. ಆದರೆ ಕಚೇರಿಯ ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗುವ ಕಾಲು ಮಾತ್ರ ನಿಲ್ಲಲಿಲ್ಲ.

ಮರಳಿ ಬಂದ ತಂಡದ ನಾಯಕಿಯೇ ಅವಳನ್ನು ಹುಡುಕಿಕೊಂಡು ಬಂದಳು.

"ಅವನ ಜೊತೆ ಮಾತು ಬಿಟ್ಟಿದ್ದೀಯಂತೆ? ಹುಚ್ಚಿ! ಗಿಡ ನೋಡ್ಕೊಳ್ಳೋಕೆ ಜನ ಇಲ್ಲ, ಕಿತ್ತು ಚೀಲಕ್ಕೆ ತುಂಬಿ ಅಂತ ಮುಖ್ಯಸ್ಥರು ಹೇಳಿದ್ರು. ಅದಕ್ಕೇ ಅವನು ಉಳಿದಿದ್ದು. ಅಲ್ಲಿ ಜೇನುಹುಳ ಎಲ್ಲಿಂದ ಬರಬೇಕು? ದಿನಾ ಒಂದೊಂದೇ ಹೂವನ್ನ ಬೆರಳಲ್ಲಿ ತಟ್ಟಿ ಕಾಯಿ ಕಟ್ಟಿಸ್ತಿದ್ದಾನೆ ಕಣೇ!"

"ನನಗ್ಯಾಕೆ ಹೇಳ್ಲಿಲ್ಲ?"

"ಋಣಕ್ಕೆ ಬಿದ್ದು ನೀನು ಹೂಂ ಅನ್ನಬಾರದಂತೆ."

ಅವಳ ಕಣ್ಣು ತುಂಬಿಬಂತು. 'ಅಯ್ಯೋ, ಏನು ಮಾಡಿಬಿಟ್ಟೆ!' ನಿಯಂತ್ರಣ ಕೊಠಡಿಗೆ ಓಡಿದಳು. ಏದುಸಿರಲ್ಲೇ ಮೈಕು ಹಿಡಿದಳು. ಸುತ್ತ ಎಷ್ಟು ಕಿವಿಗಳಿವೆ ಎಂಬುದೂ ನೆನಪಾಗಲಿಲ್ಲ.

"ಕೇಳಿಸ್ತಿದೆಯಾ?"

"ಹೇಳಿ..." ಅವನ ದನಿ ಸೋತಿತ್ತು.

"ನನ್ನ ಉತ್ತರ ಹೂಂ. ಋಣಕ್ಕಲ್ಲ! ನೀವು ಹೊರಡೋ ಮೊದಲೇ ಹೂಂ ಆಗಿತ್ತು... ಹೇಳೋಕೆ ಧೈರ್ಯ ಇರಲಿಲ್ಲ. ನನ್ನನ್ನ ಕ್ಷಮಿಸ್ತೀರಾ?"

ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ನನ್ನ ಕಾಲು ನೆಲದ ಮೇಲೇ ನಿಲ್ತಿಲ್ಲ ರೀ!"

"ಅಲ್ಲಿ ಯಾವತ್ತು ನಿಂತಿತ್ತು?" ಅವಳು ಅಳುತ್ತಲೇ ನಕ್ಕಳು.

"ಭೂಮಿಗೆ ಬಂದ ಹೊಸದರಲ್ಲಿ ಅಲ್ಲೂ ಕಾಲು ನಿಲ್ಲಲ್ಲ. ಬಿದ್ದುಬಿಡ್ತೀನಿ. ಹಿಡ್ಕೊಳ್ತೀರಾ?"

"ಬನ್ನಿ... ಬಿಡಲ್ಲ."