ಕನಕರಾಜುವಿನ ಕಡ್ಡಿಹುಳುಗಳು

"ನನ್ನ ಹುಳುಗಳನ್ನೆಲ್ಲ ಕೊಂದಿದ್ದಾರೆ ಮೇಡಂ. ಕೊಂದವಳು ಯಾರು ಅಂತಲೂ ಗೊತ್ತು," ಎಂದರು ಗುಂಡ್ಲುಪೇಟೆಯ ಕಾಲೇಜು ಮೇಷ್ಟ್ರು ಕನಕರಾಜು.

ನಿವೃತ್ತ ಸಬ್ ಇನ್‌ಸ್ಪೆಕ್ಟರ್ ಮೈಮುನಾ ಮೇಡಂ ಚಾಮರಾಜನಗರದಲ್ಲಿ ನನ್ನ ಪಕ್ಕದ ಮನೆಯವರು. ಹಿಂದೆ ಅವರ ಕೈಕೆಳಗೆ ಪೇದೆಯಾಗಿದ್ದ ನಾನು ಈಗಲೂ ಅವರ ಬೆನ್ನ ಹಿಂದೆಯೇ. ೨೦೦೫ರ ಆ ಬೆಳಿಗ್ಗೆ, ಮೇಡಂ ಮನೆಗೇ ಬಂದಿದ್ದ ಕನಕರಾಜು ಜೊತೆ ನಾವಿಬ್ಬರೂ ಗುಂಡ್ಲುಪೇಟೆ ಬಸ್ಸು ಹತ್ತಿದೆವು.

ಕನಕರಾಜು ಮನೆಯ ಗಾಜಿನ ಗೂಡಿನಲ್ಲಿ, ಒಣಕಡ್ಡಿಯಂತೆಯೇ ಕಾಣುವ ಗೇಣುದ್ದದ ಹುಳುಗಳು ಸತ್ತು ಬಿದ್ದಿದ್ದವು. ಸೀಬೆ ಎಲೆಗಳ ಮೇಲೆಲ್ಲ ಇರುವೆ ಕೊಲ್ಲುವ ಪುಡಿ. ದೊಡ್ಡದೊಂದು ಹುಳು ಗೂಡಿನ ಬಾಗಿಲ ಬಳಿಯೇ ಸತ್ತಿತ್ತು. ಚೌಕಟ್ಟಿನ ಮೇಲೆ ಹಾಲಿನಂಥ ಸಿಡಿದ ಕಲೆ. ಬೀಗ ಒಡೆದಿರಲಿಲ್ಲ. ಬೀಗದ ಕೈ ಎಲ್ಲರಿಗೂ ಕಾಣುವಂತೆ ಮೊಳೆಯಲ್ಲಿ ತೂಗುತ್ತಿತ್ತು.

"ಇವನ್ನು ಮುಟ್ಟಿದರೆ ಏನಾಗುತ್ತೆ?" ಮೇಡಂ ಕೇಳಿದರು.

"ನೇರ ಕಣ್ಣಿಗೆ ಉರಿನೀರು ಹಾರಿಸ್ತವೆ. ಇಲ್ಲೇ ಹತ್ತಿರದ ಮದ್ದೂರು ಕಾಡಿನಿಂದ ನಾನೇ ಹುಡುಕಿ ತಂದ ಹೊಸ ಜಾತಿ. ನನಗೆ ಹೆಸರು ಬರುತ್ತೆ ಅಂತ ನಮ್ಮ ಕಾಲೇಜಿನ ಲೆಕ್ಚರರ್ ಸುಧಾಮಣಿಗೆ ಹೊಟ್ಟೆಯುರಿ. ನಿನ್ನೆ ಸಂಜೆ ಇಲ್ಲಿಗೇ ಬಂದು ಜಗಳ ಆಡಿದಳು."

ಅವರ ಹೆಂಡತಿ ರಮ್ಯ ಟೀ ತಂದಳು. ಎಡಗಣ್ಣು ಊದಿ ಕೆಂಡದಂತಿತ್ತು. ಗಂಡ ಅವಳತ್ತ ನೋಡಲೇ ಇಲ್ಲ.

"ಏನಮ್ಮ ಕಣ್ಣಿಗೆ?"

"ಈರುಳ್ಳಿ ಹೆಚ್ತಿದ್ದೆ ಮೇಡಂ."

ಮೇಡಂ ಸುಧಾಮಣಿಯನ್ನು ಕರೆಸಿದರು. "ಜಗಳ ಆಡಿದ್ದು ನಿಜ. ಗೂಡು ಮುಟ್ಟಲಿಲ್ಲ," ಎಂದಳು ಅವಳು. ಅವಳ ಕಣ್ಣುಗಳು ತಿಳಿಯಾಗಿದ್ದವು.

ಮೇಡಂ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. "ಪುಡಿ ಹಾಕುವಾಗ ಕೈ ತಾಕಿ ಆ ದೊಡ್ಡ ಹುಳು ಉರಿನೀರು ಹಾರಿಸಿದೆ. ಚೌಕಟ್ಟಿನ ಕಲೆ ಅದರದ್ದೇ. ಸುಧಾಮಣಿ ಕಣ್ಣಿಗೆ ಏನೂ ಆಗಿಲ್ಲ. ಈರುಳ್ಳಿ ಎರಡೂ ಕಣ್ಣು ಉರಿಸುತ್ತೆ, ಒಂದನ್ನೇ ಅಲ್ಲ. ಯಾಕಮ್ಮ ರಮ್ಯ?"

ರಮ್ಯ ತಲೆ ತಗ್ಗಿಸಲಿಲ್ಲ. "ಇವನ್ನ ಹಿಡಿಯೋಕೆ ನನ್ ತಮ್ಮ ಚಿಕ್ಕಬೀರನ್ನ ಕಾಡಿಗೆ ಕರ್ಕಂಡೋದ್ರು. ಆನೆ ಬಂತು. ಇವ್ರು ಹುಳದ ಡಬ್ಬ ಎತ್ಕಂಡು ಓಡ್ಬಂದ್ರು, ಅವನ್ನ ಅಲ್ಲೇ ಬುಟ್ಬುಟ್ರು. ಆನೆ ತುಳ್ದಾಕ್ತು. ನಮಗೆಲ್ಲ, ಅವನೇ ಕುಡ್ದು ಕಾಡಿಗೋಗಿದ್ದ ಅಂದ್ರು. ಮೊನ್ನೆ ಫೋನಲ್ಲಿ ಯಾರಿಗೋ ಅಂತಿದ್ರು, ಹುಡುಗ ಹೋದ್ರೂ ಡಬ್ಬ ಉಳಿಸ್ಕೊಂಡೆ ಅಂತ. ನಗ್ತಾ ಇದ್ರು ಮೇಡಂ."

"ಇವಳ ಮೇಲೆ ದೂರು ಕೊಡ್ತೀನಿ," ಎಂದರು ಕನಕರಾಜು.

"ಕೊಡಿ. ತಮ್ಮನ ಸಾವಿನ ಬಗ್ಗೆ ಅವಳ ದೂರು ಕೊಡಿಸೋಕೆ ನಾನೂ ಠಾಣೆಗೆ ಬರ್ತೀನಿ."

ಕನಕರಾಜು ಬೆವರು ಒರೆಸಿಕೊಂಡರು. ಆಮೇಲೆ ತಮಗೆ ತಾವೇ, "ಹೋಗಲಿ, ಮೊಟ್ಟೆಗಳಿವೆ. ಮತ್ತೆ ಮರಿ ಮಾಡಿಸ್ತೀನಿ," ಎಂದು ಎದ್ದರು.

"ಅವನ್ನೂ ಹಂಡೆ ಒಲೆಗೆ ಸುರುದ್ಬುಟ್ಟೆ ಕಣ್ರಿ," ಎಂದಳು ರಮ್ಯ. "ಬೆಳಿಗ್ಗೆ ನೀವು ಮೈಗೆ ಉಯ್ಕಂಡಿದ್ದು ಆ ಉರೀಲಿ ಕಾಯ್ದ ನೀರೇಯ."